ಪುಸ್ತಕವನ್ನು ಬಿಸಿಲಿಗೆ ಹರಡಿದ ಕೆಂಚ

ಒಂದಾನೊಂದು ಕಾಲದಲ್ಲಿ, ಅಚ್ಚಿನ ಮಿಷನ್ನು ಹುಟ್ಟೋಕೂ ಮುಂಚೆ, ಜನ ತಾಳೆಗರಿ ಮೇಲೆ ಬರೀತಿದ್ದಾಗ, ಸಾತವ್ವ ಅಂತ ಒಬ್ಬಳು ಮುದುಕಿ ಇದ್ದಳಂತೆ. ಕಣ್ಣು ಮಂಜಾಗೋ ತನಕ ಕೂತು ಅವಳೊಂದು ಪುಸ್ತಕ ಬರೆದಳಂತೆ. ಏನು ಪುಸ್ತಕ ಗೊತ್ತಾ ಪುಟ್ಟಾ? ಊರನ್ನೆಲ್ಲ ನಡುಗಿಸೋ ಒಬ್ಬ ಪೈಲ್ವಾನ, ಅವನಿಗೆ ಕೋಳಿ ಕಂಡ್ರೆ ಮಾತ್ರ ಭಯ! ಅವನ ಕತೆ.

ಬರೆದು ಮುಗಿಸಿ ಮೂರು ಜನ ಗಂಡುಮಕ್ಕಳನ್ನೂ ಕರೆದು, ನೋಡ್ರಪ್ಪಾ, ನಾನು ಸಾಯೋದ್ರೊಳಗೆ ಇದನ್ನ ಕೇಳಿ ಯಾರಾದ್ರೂ ಗುರುತಿಲ್ಲದೋರು ನಗೋದು ನನ್ನ ಕಿವಿಗೆ ಬೀಳ್ಬೇಕು, ನೀವು ನಕ್ಕರೆ ಲೆಕ್ಕಕ್ಕಿಲ್ಲ, ನೀವು ನಾನು ಮಾಡಿದ ಮುದ್ದೆ ಉಣ್ಣೋರು, ಅಂದಳಂತೆ.

ಆಮೇಲೆ ದೊಡ್ಡವನು ಬೋರಣ್ಣ, ನನಗೆ ಬಿಡವ್ವಾ ಅಂದು, ತಾಮ್ರದ ಪೆಟ್ಟಿಗೆ ಮಾಡಿಸಿ, ಪುಸ್ತಕ ಒಳಗಿಟ್ಟು, ತೆಂಗಿನಕಾಯಿ ಗಾತ್ರದ ಬೀಗ ಜಡಿದನಂತೆ. ಬಂದೋರೆಲ್ಲ ಬೀಗ ನೋಡಿ, ಅಬ್ಬಾ ಎಂಥಾ ಪುಸ್ತಕ ಅಂತ ಹೊಗಳಿ ಹೋದರಂತೆ. ಸಾತವ್ವ ಕಿವಿ ನಿಮಿರಿಸಿಕೊಂಡು ಕೂತೇ ಇದ್ದಳು. ಒಬ್ಬರೂ ನಗಲಿಲ್ಲ.

ಆಮೇಲೆ ನಡುವಿನವನು ಹಾಲಪ್ಪ, ಪುಸ್ತಕ ಅಂದ್ರೆ ಸರಸ್ವತಿ, ಯಾರಾದ್ರೂ ಪೆಟ್ಟಿಗೇಲಿ ಇಡ್ತಾರಾ ಅಂತ ಅಣ್ಣನ್ನ ಬೈದು, ಕೆಂಪು ವಸ್ತ್ರ ಸುತ್ತಿ ದೇವರ ಮನೇಲಿಟ್ಟು, ಕುಂಕುಮ ಹಾಕಿ ಗಂಟೆ ಬಾರಿಸಿದನಂತೆ. ಜನ ಬಂದ್ರು ನೋಡು! ಕಾಯಿ ಒಡೆದಿದ್ದೇ ಒಡೆದಿದ್ದು. ಒಬ್ಬಳಂತೂ ಗಂಡನ ಗೊರಕೆ ನಿಲ್ಲಲಿ ಅಂತ ಹರಕೆ ಹೊತ್ತಳಂತೆ. ಸಾತವ್ವ ತಡೀಲಾರದೆ, ಅಯ್ಯೋ, ಅದರೊಳಗೆ ಪೈಲ್ವಾನ ಕೋಳಿಗೆ ಹೆದರಿ ರಾಗಿ ಕಣಜದಲ್ಲಿ ಅಡಗಿ ಕೂತಿದಾನೆ ಕಣ್ರೋ, ಬಿಚ್ಚಿ ಓದ್ರೋ, ಅಂದ್ರೆ, ಹಾಲಪ್ಪ ಕರೆಸಿದ್ದ ಪೂಜಾರಿ ಏನಂದ ಗೊತ್ತಾ? ಸುಮ್ನಿರವ್ವಾ, ಮಂಗಳಾರತಿ ಹೊತ್ತಲ್ಲಿ ಕೋಳಿ ಸುದ್ದಿ ತೆಗೀಬಾರ್ದು, ಅಂತ ಗದರಿದನಂತೆ.

ಮುದುಕಿಗೆ ಅನ್ನ ಸೇರದೆ ಹೋಯ್ತು. ನನ್ನ ಜೊತೆ ಇದೂ ಮಣ್ಣಾಗತ್ತೆ ಅಂತ ಹಾಸಿಗೆ ಹಿಡಿದಳಂತೆ.

ಆಮೇಲೆ ಕಿರಿಯವನು ಕೆಂಚ ವಸ್ತ್ರ ಬಿಚ್ಚಿ ನೋಡ್ತಾನೆ, ಕುಂಕುಮ, ಕರ್ಪೂರದ ಮಸಿ, ಕಾಯಿ ನೀರು ಎಲ್ಲ ಸೇರಿ ಗರಿಗಳು ಮೆತ್ತಿಕೊಂಡಿವೆಯಂತೆ. ದೇವರ ಮನೆ ಕತ್ತಲಲ್ಲಿ ಒಂದಕ್ಷರ ಕಾಣ್ಸಲ್ಲ. ಎತ್ತಿಕೊಂಡು ಬಂದು ಅಂಗಳದ ಬಿಸಿಲಲ್ಲಿ ಹರಡಿ, ದಾರೀಲಿ ಹೋಗ್ತಿದ್ದ ಎಣ್ಣೆ ಮಾರೋನನ್ನ ಕರೆದು ಒಂದಿಷ್ಟು ಎಣ್ಣೆ ಹಾಕಿಸಿಕೊಂಡು, ಒಂದೊಂದೇ ಗರಿ ಒರೆಸಿ, ಯಾವುದರ ಮುಂದೆ ಯಾವುದು ಅಂತ ಗೊತ್ತಾಗ್ಬೇಕಲ್ಲ, ಜೋರಾಗಿ ಓದ್ತಾ ಜೋಡಿಸಿದನಂತೆ.

ಪೂಜಾರಿ ಓಡಿ ಬಂದ. ಏಯ್ ಕೆಂಚಾ, ದೇವರನ್ನ ಹಪ್ಪಳದ ಹಾಗೆ ಒಣಗಿಸ್ತೀಯಲ್ಲೋ!

ಎಣ್ಣೆಯವನು ಅಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದ. ತಡೀರಿ ಸ್ವಾಮಿ, ಕೋಳಿ ಕಣಜದ ಹತ್ರ ಬಂದ್ಬಿಟ್ಟಿದೆ, ಅಂದನಂತೆ. ಕೆಂಚ ಮುಂದಿನ ಗರಿ ಒರೆಸಿ ಓದಿದ. ಪೈಲ್ವಾನ ಕಣಜದೊಳಗಿಂದ, ಕೋಳಮ್ಮಾ, ನಾನು ಮನೇಲಿಲ್ಲ, ಅಂತಾನೆ! ಎಣ್ಣೆಯವನು ಬಿದ್ದೂ ಬಿದ್ದೂ ನಕ್ಕನಂತೆ. ಪೂಜಾರಿ ತುಟಿ ಕಚ್ಚಿ ಹಿಡಿದ, ಕೆನ್ನೆ ಉಬ್ಬಿಸಿದ, ಆಮೇಲೆ ಅವನೂ ನಕ್ಕ ನೋಡು, ಜುಟ್ಟು ಬಿಚ್ಚಿಹೋಗೋ ಹಾಗೆ ನಕ್ಕನಂತೆ.

ಒಳಗಿಂದ ಸಾತವ್ವ, ಯಾರೋ ಅದು ಮೊದಲು ನಕ್ಕಿದ್ದು, ಅಂದಳು.

ಯಾರೋ ಎಣ್ಣೆ ಮಾರೋನು ಕಣವ್ವಾ, ಹೆಸರೂ ಗೊತ್ತಿಲ್ಲ, ಅಂದ ಕೆಂಚ.

ಹೆಸರೂ ಗೊತ್ತಿಲ್ವಾ? ಹಾಗಾದ್ರೆ ಸರಿ, ಅಂತ ಎದ್ದು ಕೂತು ಗಂಜಿ ಕೇಳಿದಳಂತೆ.

ಆಮೇಲೆ ಎಣ್ಣೆಯವನು ಹೋದ ಊರಲ್ಲೆಲ್ಲ ಇದನ್ನೇ ಹೇಳಿದ್ದಕ್ಕೆ, ಅಟ್ಟದಲ್ಲಿ ಪುಸ್ತಕ ಇಟ್ಟಿದ್ದೋರೆಲ್ಲ ಕೆಂಚನ ಹತ್ರ ಬಂದು, ನಮ್ಮದನ್ನೂ ಬೆಳಕಿಗೆ ತಾರಪ್ಪಾ ಅಂದರಂತೆ. ಪ್ರಕಾಶ ಅಂದ್ರೆ ಬೆಳಕು. ಅದಕ್ಕೇ ಪುಸ್ತಕವನ್ನ ಬೆಳಕಿಗೆ ತರೋನನ್ನ ಪ್ರಕಾಶಕ ಅಂತ ಕರೆದರಂತೆ.

ನಿಜವಾ ಅಂತೀಯಾ? ಪದದ ಅರ್ಥ ನಿಜ ಕಣೋ, ಕೆಂಚನ್ನ ಮಾತ್ರ ನಾನು ಹುಟ್ಟಿಸಿದ್ದು.

ಸಾತವ್ವ ಏನಾದಳು ಅಂತೀಯಾ? ಎಣ್ಣೆಯವನು ವಾರವಾರ ಬಂದು, ಅವ್ವಾ, ಪೈಲ್ವಾನನಿಗೆ ಮದುವೆ ಆಯ್ತಾ, ಹೆಂಡತಿ ಕೋಳಿ ಸಾಕಿದಾಳಾ, ಅಂತ ಕೇಳ್ತಿದ್ದನಂತೆ. ಹಿಂಗೆ ಕೇಳೋರು ಬಾಗಿಲಲ್ಲಿ ನಿಂತಿದ್ರೆ ಸಾಯೋಕೆ ಪುರುಸೊತ್ತೆಲ್ಲಿ? ಅವಳು ಹೇಳ್ತಾ, ಕೆಂಚ ಬರೀತಾ, ಎಲ್ಲರೂ ಸುಖವಾಗಿದ್ದರಂತೆ. ಅಲ್ಲಿಗೆ ಸಾತವ್ವನ ಕತೆ ಮುಗೀತು. ನಕ್ಕಿದ್ದು ಸಾಕು, ಕಾಲು ಚಾಚಿ ಮಲಗು.