ಗಂಟು ಗೌರಿ ಮುಡಿಪು ಬಿಚ್ಚಿಸಿದ ಕಥೆ

ಅಕ್ಷತೆ ಕೈಯಲ್ಲಿರಲಿ, ಹರಟೆ ಬಾಯೊಳಗೇ ಇರಲಿ, ದೀಪದ ಸಾಕ್ಷಿಯಾಗಿ ಕೇಳಿರಿ.

ನೇಕಾರರ ಓಣಿಯೊಂದರಲ್ಲಿ ಸಿದ್ರಾಮಪ್ಪ, ಪಾರವ್ವ ಎಂಬ ದಂಪತಿಗಳಿದ್ದರು. ಅವರಿಗೆ ಕುಣಿಮಗ್ಗವೊಂದೇ ಆಸ್ತಿ, ಸಿದ್ರಾಮಪ್ಪನ ಬಲಗೈಯೇ ಅನ್ನ. ಪಾರವ್ವ ಮಂಗಳವಾರ ಮಂಗಳವಾರ ಕೂಲಿಯಲ್ಲಿ ಹತ್ತು ರೂಪಾಯಿ ತೆಗೆದು, ಗಂಟು ಗೌರಿಯ ಹೆಸರಿನಲ್ಲಿ ಅರಿಶಿನ ಬಟ್ಟೆಯಲ್ಲಿ ಮುಡಿಪು ಕಟ್ಟಿ ಗೋಡೆಯ ಗೂಡಿನಲ್ಲಿಡುವಳು. ಗಂಡನಾದರೋ ಅಂದು ಉಪ್ಪಿಲ್ಲದೆ ಉಣ್ಣಬೇಕೆಂಬ ಗೌರಿಯ ನೇಮವನ್ನು ನಕ್ಕು ಬಿಟ್ಟನು. ರಕ್ತದೊತ್ತಡಕ್ಕೆ ಡಾಕ್ಟರು ಕೊಟ್ಟ ಗುಳಿಗೆಯನ್ನು, ತಲೆಸುತ್ತು ನಿಂತಿತಲ್ಲಾ ಎಂದು ಮಾಡಿನ ಸಂದಿಗೆ ಸಿಕ್ಕಿಸಿದನು.

ಒಂದು ಬೆಳಿಗ್ಗೆ ಸಿದ್ರಾಮಪ್ಪನ ಲಾಳಿ ಕೈಜಾರಿ ಬಿದ್ದು, ಬಾಯಿ ವಾರೆಯಾಗಿ, ಮಾತು ತೊದಲಿತು. ಲಕ್ವ ಹೊಡೆದಿತ್ತು. ಗಾಡಿಗೆ ದುಡ್ಡಿಲ್ಲವೆಂದು ಪಾರವ್ವ ಅತ್ತಳೇ ಹೊರತು, ದೇವರ ದುಡ್ಡು ಮುಟ್ಟಿದರೆ ಪಾಪವೆಂದು ಮುಡಿಪಿನ ಕಡೆ ತಿರುಗಿಯೂ ನೋಡಲಿಲ್ಲ. ಎಂಥ ಭಕ್ತಿಯೋ ಏನೋ. ಸಾಲ ಹುಟ್ಟುವಷ್ಟರಲ್ಲಿ ಎರಡು ದಿನ ಕಳೆದು, ಆಸ್ಪತ್ರೆಯವರು ಹೊತ್ತು ಮೀರಿತೆಂದರು. ಸ್ಕ್ಯಾನಿಗೆ ಬೆಂಡೋಲೆ ಹೋಯಿತು, ಹಾಸಿಗೆಗೂ ಔಷಧಕ್ಕೂ ಮಗ್ಗ ಹೋಯಿತು, ಬಲಗೈ ಮಾತ್ರ ಏಳಲಿಲ್ಲ.

ಆಗ ಗೌರಿಯು ನೂಲು ಸುತ್ತುವ ಮುದುಕಿಯಾಗಿ ಬಂದು, ಗೂಡಿನಲ್ಲಿರುವ ಗಂಟು ಏನೆಂದು ಕೇಳಲು, ಅದು ದೇವಿಯದು, ಮುಟ್ಟಬಾರದು ಎಂದಳು ಪಾರವ್ವ. ಮುದುಕಿಗೆ ಸಿಟ್ಟು ಬಂತು.

“ನನಗ ರೊಕ್ಕ ಯಾಕ ಬೇಕವ್ವ? ಕಟ್ಟು ಅಂದಾಕಿ ನಾನು, ಬಿಚ್ಚಬಾರದು ಅಂದಾಕಿ ನೀನು.”

ಹೀಗೆಂದು ಕ್ರಮ ತಿಳಿಸಿದಳು. ಉಪ್ಪು ಹಿಡಿತದಲ್ಲಿರಬೇಕು, ಗುಳಿಗೆಯನ್ನು ತೀರ್ಥದಂತೆ ದಿನವೂ ತಪ್ಪದೆ ತೆಗೆದುಕೊಳ್ಳಬೇಕು, ಗಂಟನ್ನು ಒಂದೇ ಕೈಯಲ್ಲಿ ಬಿಚ್ಚಲು ಬರುವಂತೆ ಕಟ್ಟಬೇಕು, ಬಾಯಿ ವಾರೆಯಾದ ಗಳಿಗೆಯಲ್ಲೇ ಬಿಚ್ಚಬೇಕು. ಇಷ್ಟು ಹೇಳಿ ಮಾಯವಾದಳು.

ಮುಡಿಪಿನ ದುಡ್ಡಿನಲ್ಲಿ ಸಿದ್ರಾಮಪ್ಪ ಕೈಗೆ ವ್ಯಾಯಾಮ ಕಲಿತನು. ದಿನವೂ ಬಲಗೈಯಿಂದಲೇ ಗಂಟು ಕಟ್ಟಿ ಬಿಚ್ಚುವ ನೇಮ ಹಿಡಿದನು. ಮೊದಲ ತಿಂಗಳು ಬಟ್ಟೆಯ ತುದಿಯೂ ಬೆರಳಿಗೆ ಸಿಗಲಿಲ್ಲ, ಮನುಷ್ಯ ಗೋಡೆಗೆ ಮುಖ ಮಾಡಿ ಅತ್ತನು. ವರ್ಷ ತುಂಬುವಾಗ ಬೇರೆಯವರ ಮಗ್ಗದಲ್ಲಿ ಕೂಲಿಗೆ ಲಾಳಿ ಹಿಡಿದನು. ಮತ್ತೆರಡು ವರ್ಷಕ್ಕೆ ಮಗ್ಗ ಮರಳಿ ಮನೆಗೆ ಬಂತು, ಮಂಗಳವಾರದ ಮುಡಿಪೂ ಮತ್ತೆ ತುಂಬಿತು.

ಅದರ ಮರುವರ್ಷ, ನೀರು ತರುತ್ತಿದ್ದ ಪಾರವ್ವನ ಬಾಯಿಯೇ ವಾರೆಯಾಗಿ ಕೊಡ ಜಾರಿ ಬಿತ್ತು. ಸಿದ್ರಾಮಪ್ಪ ಎಡಗೈಯಲ್ಲಿ ಹೆಂಡತಿಯನ್ನು ಆತುಕೊಂಡು, ಬಲಗೈಯಲ್ಲಿ ಗಂಟು ಬಿಚ್ಚಿದನು. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ತಾಸಿನೊಳಗೆ ಆಸ್ಪತ್ರೆ ಸೇರಿದಳು. ಮಗ್ಗ ಮಾರಲಿಲ್ಲ, ಸಾಲ ಏರಲಿಲ್ಲ. ಹತ್ತನೆಯ ದಿನ ತನ್ನ ಕಾಲ ಮೇಲೆ ಓಣಿಯೊಳಗೆ ನಡೆದು ಬಂದು, ಕೊಡ ನೆಗ್ಗಿಸಿದಿರಲ್ಲಾ ಎಂದು ಗಂಡನನ್ನು ಬೈದಳು. ಓಣಿಯ ಮಗ್ಗಗಳೆಲ್ಲ ನಿಂತು ಕೇಳಿದವು.

ಪಾರವ್ವನಿಗಾದ ಫಲ ಈ ಕಥೆ ಹೇಳಿದವರಿಗೂ ಕೇಳಿದವರಿಗೂ ಆಗಲಿ. ಇನ್ನು ಅಕ್ಷತೆ ಹಾಕಿರಿ. ಹಾಕಿ, ನಿಮ್ಮ ನಿಮ್ಮ ಗಂಟನ್ನು ಒಂದೇ ಕೈಯಲ್ಲಿ ಬಿಚ್ಚಿ ತೋರಿಸಿರಿ, ಬಿಚ್ಚಿದವರಿಗೇ ಪ್ರಸಾದ.