ಛತ್ರದ ಖಾಲಿ ಬುಟ್ಟಿ

"ಗುರುಗಳೇ, ಜಾಗ ಸಾಲದೆ ಹೋದಾಗ, ಯಾರೂ ಮುಟ್ಟದೆ ಬಿದ್ದಿರುವುದನ್ನು ಹೊರಗೆ ಹಾಕುವುದು ತಪ್ಪೇ?" ಎಂದು ವೃಷಭೇಂದ್ರ ಕೇಳಿದ.

ಒಂದೇ ದೊಡ್ಡ ಕಂಪ್ಯೂಟರಿನೊಳಗೆ ಹತ್ತು ಕಂಪ್ಯೂಟರುಗಳನ್ನು ಸಾಕುವ ವಿದ್ಯೆ ಅವನದು. ಒಳಗಿನ ಪ್ರತಿಯೊಂದಕ್ಕೂ ಇಡೀ ಯಂತ್ರ ತನ್ನದೇ ಎಂಬ ಭ್ರಮೆ. ಇರುವ ಮೆಮೊರಿಯನ್ನು ಅವಕ್ಕೆಲ್ಲ ಹಂಚುವವನು ಇವನು. ಹನ್ನೊಂದನೆಯದಕ್ಕೂ ಜಾಗ ಮಾಡಿದೆನೆಂದು ಬೀಗುತ್ತಿದ್ದ. ಬಹಳ ಹೊತ್ತು ಮುಟ್ಟದೆ ಇದ್ದ ಮೆಮೊರಿಯನ್ನು ಒಂದರಿಂದ ಕಿತ್ತು ಕೊಟ್ಟಿದ್ದ. ಮೆಮೊರಿ ಕಳೆದುಕೊಂಡ ಆ ಕಂಪ್ಯೂಟರು ತೆವಳಿ ತೆವಳಿ ಮಧ್ಯಾಹ್ನದ ಹೊತ್ತಿಗೆ ನಿಂತೇಹೋಯಿತು. ಅದು ತನ್ನ ತಪ್ಪಲ್ಲವೆಂದು ಗುರುಗಳ ಬಾಯಿಂದಲೇ ಕೇಳಬೇಕಿತ್ತು ಅವನಿಗೆ.

ಗುರುಗಳು ಕತೆ ಹೇಳಿದರು.

ಒಬ್ಬ ಛತ್ರದ ಪಾರುಪತ್ಯಗಾರನಿದ್ದ. ದೊಡ್ಡ ಪಡಸಾಲೆಗೆ ಬಿದಿರಿನ ತಟ್ಟಿ ಕಟ್ಟಿ, ಯಾತ್ರೆಗೆ ಹೊರಟವರಿಗೆ ಒಂದೊಂದು ಪಾಲು ಕೊಡುತ್ತಿದ್ದ. ಜಾಗವಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳಿಸಿದವನಲ್ಲ. ಅದೇ ಅವನ ಹೆಮ್ಮೆ. ಸುಳ್ಳು ಹೆಮ್ಮೆಯೂ ಅಲ್ಲ ಬಿಡು.

ಒಂದು ದಿನ ಛತ್ರ ತುಂಬಿತ್ತು. ಬಾಗಿಲಲ್ಲಿ ಹಸುಗೂಸನ್ನೆತ್ತಿಕೊಂಡು ಒಬ್ಬ ಬಾಣಂತಿ ನಿಂತಿದ್ದಳು. ಪಾರುಪತ್ಯಗಾರ ತಟ್ಟಿಗಳ ಮೇಲಿಂದ ಇಣುಕಿದ. ಒಬ್ಬ ಮುದುಕಿಯ ಪಾಲಿನಲ್ಲಿ ದೊಡ್ಡದೊಂದು ಗಂಟು ಮೂರು ದಿನದಿಂದ ಅಲುಗಿರಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಅದನ್ನು ಚಪ್ಪಲಿ ಬಿಡುವ ಕಡೆ ಇರಿಸಿ, ತಟ್ಟಿ ಸರಿಸಿದ. ಬಾಣಂತಿಗೆ ಜಾಗವಾಯಿತು. ಅವನ ಎದೆಯುಬ್ಬಿತು.

ಮುದುಕಿ ಬಂದು ನೋಡಿದಳು. "ಅಪ್ಪಾ, ಅದು ಹರಕೆ ಹೊತ್ತು ಕಟ್ಟಿದ ಮುಡಿಪು," ಎಂದಳು. "ಮುಟ್ಟಬಾರದೆಂದೇ ಮುಟ್ಟಿರಲಿಲ್ಲ."

ಅವಳು ಬೈಯಲಿಲ್ಲ. ಮೈಲಿಗೆಯಾದದ್ದನ್ನು ದೇವರಿಗೆ ಒಪ್ಪಿಸುವುದು ಹೇಗೆ? ಬಂದ ದಾರಿಯಲ್ಲೇ ಊರಿಗೆ ಹಿಂತಿರುಗಿದಳು. ತನ್ನ ಛತ್ರದಿಂದ ಒಬ್ಬಳು ಹಿಂದಕ್ಕೆ ಹೋದಳಲ್ಲ ಎಂದು ಪಾರುಪತ್ಯಗಾರ ಆ ದಿನ ಊಟಕ್ಕೆ ಕೂರಲಿಲ್ಲ.

ಆಮೇಲೆ ಅವನು ನಾಲ್ಕು ದೊಡ್ಡ ಬುಟ್ಟಿ ಹೆಣೆಸಿದ. ಜಾಗ ಸಾಲದಾದಾಗ ಖಾಲಿ ಬುಟ್ಟಿಯನ್ನು ಹೊತ್ತು ಹೋಗಿ, "ಇದಕ್ಕಿಷ್ಟು ಜಾಗ ಮಾಡಿಕೊಡಿ ತಾಯಿ," ಎನ್ನುತ್ತಿದ್ದ. ಸದ್ಯಕ್ಕೆ ಯಾವುದು ಬೇಡವೆಂದು ಇಟ್ಟುಕೊಂಡವರಿಗೇ ಗೊತ್ತು. ಅದನ್ನು ಅವರೇ ಉಗ್ರಾಣಕ್ಕೆ ಕಳಿಸುತ್ತಿದ್ದರು. ಆಗ ಇವನು ಬುಟ್ಟಿ ತೆಗೆದು, ಬುಟ್ಟಿಯಷ್ಟೇ ತಟ್ಟಿ ಸರಿಸುತ್ತಿದ್ದ. ಜನ ತಗ್ಗಿದಾಗ ತಟ್ಟಿಯನ್ನು ಮೊದಲಿನ ಜಾಗಕ್ಕೇ ತರುತ್ತಿದ್ದ. ಸಾಯುವತನಕ ಅವನ ಛತ್ರದಿಂದ ಇನ್ನೊಬ್ಬರು ಹಿಂದಕ್ಕೆ ಹೋಗಲಿಲ್ಲ. ಅಂಥವನು ಹೆಮ್ಮೆಪಟ್ಟರೆ ಬೇಡವೆನ್ನುವವರು ಯಾರು?

ವೃಷಭೇಂದ್ರನ ಮುಖ ಅರಳಿತು. "ಇಷ್ಟೇ ತಾನೆ? ನಾಳೆಯಿಂದ ನಾನೂ ಪ್ರತಿ ಕಂಪ್ಯೂಟರಿನೊಳಗೆ ಬುಟ್ಟಿ ಇಟ್ಟು, ಬಿಡುವುದು ಯಾವುದೆಂದು ಅದನ್ನೇ ಕೇಳುತ್ತೇನೆ, ಗುರುಗಳೇ."

"ಇಡು," ಎಂದರು ಗುರುಗಳು. "ಅದಕ್ಕೆ ಮೊದಲು, ನೀನು ಹೊರಗೆ ಹಾಕಿದ್ದು ಯಾರ ಮುಡಿಪೋ ಹೋಗಿ ಕೇಳಿಕೊಂಡು ಬಾ."