ಗಾಳಿಯ ಪಾಲು

ಒಂದು ಲೋಟ ತಣ್ಣೀರಿನಿಂದ ಸುಟ್ಟು ಸತ್ತವನು ಯಾರು?

ತಲೆ ಕೆರೆದುಕೊಳ್ಳಬೇಡಿ, ಉತ್ತರ ಹೊಳೆಯುವುದಿಲ್ಲ. ಶಿಷ್ಯನಿಗೂ ಹೊಳೆಯಲಿಲ್ಲ. ಪಾಪ, ಅವನು ಕೇಳಿದ್ದೇ ಬೇರೆ. ಅದಕ್ಕೆ ಗುರು ಈ ಒಗಟನ್ನು ತೆಗೆದು ಅವನ ಮುಂದೆ ಇಟ್ಟರು.

ಗುರು ಎಂದರೆ ಜಟೆ, ಕಮಂಡಲ ಎಂದೆಲ್ಲ ನೆನೆಸಿಕೊಳ್ಳಬೇಡಿ. ರಾಸಾಯನಿಕಗಳನ್ನು ಪರೀಕ್ಷೆ ಮಾಡುವ ಕೆಲಸವನ್ನು ಹೊಸಬರಿಗೆ ಕಲಿಸುವ ಮುದುಕರು. ಶಿಷ್ಯ ಬಿಳಿ ಕೋಟಿನ ಗುಂಡಿಯನ್ನು ದಿನಾ ಒಂದು ತೂತು ತಪ್ಪಿಸಿ ಹಾಕಿಕೊಂಡು ಬರುವವನು. ಇಬ್ಬರ ನಡುವೆ ಮೇಜಿನ ಮೇಲೆ ನೀರಳೆಯುವ ಯಂತ್ರವಿತ್ತು. ಒಂದು ಗಾಜಿನ ಜಾಡಿ, ಅದಕ್ಕೆ ರಬ್ಬರ್ ಮುಚ್ಚಳ, ಪಕ್ಕದ ಬಾಟಲಿಯಲ್ಲಿ ಕಂದು ಬಣ್ಣದ ದ್ರಾವಣ. ಪರೀಕ್ಷೆಗೆ ತಂದದ್ದನ್ನು ಸೂಜಿಯಿಂದ ಜಾಡಿಗೆ ಚುಚ್ಚಬೇಕು. ಅದರಲ್ಲಿ ಕಣ್ಣಿಗೆ ಕಾಣದ ನೀರು ಎಷ್ಟಿದ್ದರೂ ಕಂದು ದ್ರಾವಣ ಹನಿಹನಿಯಾಗಿ ಬಿದ್ದು ಅದನ್ನು ತಿಂದು ಮುಗಿಸುತ್ತದೆ. ತಿನ್ನಲು ಎಷ್ಟು ಹನಿ ಬೇಕಾಯಿತು ಎಂದು ಲೆಕ್ಕ ಹಾಕಿ ಯಂತ್ರ ಒಂದು ಸಣ್ಣ ಕಾಗದದ ಪಟ್ಟಿಯ ಮೇಲೆ ಅಂಕಿ ಒತ್ತಿ ಕೊಡುತ್ತದೆ.

ಶಿಷ್ಯ ಕೇಳಿದ್ದು ಇಷ್ಟೇ: "ಸಾರ್, ಅಳೆಯೋದೂ ಯಂತ್ರ, ಲೆಕ್ಕ ಹಾಕೋದೂ ಯಂತ್ರ, ಬರೆಯೋದೂ ಯಂತ್ರ. ಪಕ್ಕದಲ್ಲಿ ನಮ್ಮನ್ನ ಯಾಕೆ ಕೂರಿಸ್ತಾರೆ? ನೊಣ ಓಡಿಸೋಕಾ?"

ಗುರು ನಗಲಿಲ್ಲ. ಒಗಟು ಹೇಳಿದರು. ಆಮೇಲೆ ಕತೆ ಶುರು ಮಾಡಿದರು.

ಒಂದು ಕಾರ್ಖಾನೆಯಲ್ಲಿ ಒಬ್ಬ ಪರೀಕ್ಷಕನಿದ್ದ, ಒಬ್ಬ ಹಂಡೆಯವನಿದ್ದ. ಹಂಡೆ ಎಂದರೆ ಸ್ನಾನದ ಹಂಡೆಯಲ್ಲ. ಸಾವಿರ ಲೀಟರ್ ಹಿಡಿಯುವ ಉಕ್ಕಿನ ಹಂಡೆ. ಅದಕ್ಕೆ ಮೊದಲು ಎಣ್ಣೆಯಂಥ ಒಂದು ದ್ರವ ತುಂಬಬೇಕು. ಆಮೇಲೆ ಹಂಡೆಯವನು ಬಾಯಿಯ ಹತ್ತಿರ ನಿಂತು ಸೋಡಿಯಂ ತುಂಡುಗಳನ್ನು ಒಂದೊಂದಾಗಿ ಒಳಗೆ ಬಿಡಬೇಕು. ಸೋಡಿಯಂ ನೀರು ಸೋಕಿದರೆ ಹೊತ್ತಿಕೊಳ್ಳುವ ಲೋಹ. ಆದ್ದರಿಂದ ತುಂಬುವ ದ್ರವ ಒಣಗಿರಬೇಕು. ಹತ್ತು ಸಾವಿರ ಪಾಲು ದ್ರವದಲ್ಲಿ ನೀರು ಮೂರು ಪಾಲು ದಾಟಬಾರದು. ಮೂರರ ತನಕ ಹಂಡೆ ಹೇಗೋ ತಡೆದುಕೊಳ್ಳುತ್ತಿತ್ತು. ಅದರ ಮೇಲೆ ಹೋದರೆ ಬಾಯಿಯ ಹತ್ತಿರ ನಿಂತವನ ಕತೆ ಮುಗಿಯಿತು.

ದಿನಾ ಬೆಳಿಗ್ಗೆ ಹಂಡೆಯವನು ಪರೀಕ್ಷಕನ ಕಿಟಕಿಗೆ ಬರುತ್ತಿದ್ದ. ಬಂದವನೇ ಅಂಗೈ ಚಾಚುತ್ತಿದ್ದ.

"ಅಣ್ಣಾ, ನನ್ನ ಜಾತಕ ಬರೆದಾಯ್ತಾ?"

"ಆಯ್ತು ಮಾರಾಯ. ಶನಿ ಇಲ್ಲ, ರಾಹು ಇಲ್ಲ. ನೂರು ವರ್ಷ ಬಾಳ್ತೀಯ, ತೊಲಗು."

ಪರೀಕ್ಷಕ ಚೀಟಿ ಕೊಡುತ್ತಿದ್ದ. ಹಂಡೆಯವನು ಅದನ್ನು ಕಣ್ಣಿಗೊತ್ತಿಕೊಳ್ಳುವ ನಾಟಕ ಮಾಡಿ ಹೋಗುತ್ತಿದ್ದ. ಅವನಿಗೆ ಅಂಕಿ ಓದಲು ಬರುತ್ತಿತ್ತು, ಆದರೂ ಓದುತ್ತಿರಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ಯಂತ್ರ ಕೆಟ್ಟಿತು. ತೀರ ಕೆಟ್ಟಿದ್ದರೆ ಚೆನ್ನಾಗಿತ್ತು, ಅರ್ಧ ಕೆಟ್ಟಿತು. ಜಾಡಿಯ ಮುಚ್ಚಳದ ರಬ್ಬರು ಬಿರಿದು ಹೊರಗಿನ ಗಾಳಿ ಒಳಗೆ ನುಗ್ಗುತ್ತಿತ್ತು. ಗಾಳಿಯ ತೇವ ಹೀರಿಕೊಳ್ಳಲೆಂದು ಒಂದು ಕೊಳವೆಯಲ್ಲಿ ನೀಲಿ ಮಣಿಗಳಿರುತ್ತವೆ. ಅವು ಕುಡಿದು ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದ್ದವು. ಹೀಗಾಗಿ ಯಂತ್ರ ದ್ರವದ ನೀರಿನ ಜೊತೆಗೆ ಮಳೆಗಾಲದ ನೀರನ್ನೂ ಸೇರಿಸಿ ಹೇಳತೊಡಗಿತು. ಎಷ್ಟು ಒಣಗಿದ ದ್ರವ ಹಾಕಿದರೂ ಎರಡು ಪಾಲು ಹೆಚ್ಚು.

ಪರೀಕ್ಷಕ ಹೊಸ ರಬ್ಬರು, ಹೊಸ ಮಣಿ ಬೇಕೆಂದು ಬರೆದುಕೊಟ್ಟ. ಬರಲಿಲ್ಲ. ಮೇಲಿನವರು ಬಂದು ನೋಡಿ, "ದಿನಾ ಎರಡೇ ತಾನೇ ಹೆಚ್ಚು? ಕಳೆದು ಬರೀರಿ. ಹಂಡೆ ಖಾಲಿ ನಿಲ್ಲಬಾರದು" ಎಂದರು. ಅಂದಿನಿಂದ ಎರಡು ಕಳೆಯುವುದು ಪದ್ಧತಿಯಾಯಿತು. ಅದಕ್ಕೊಂದು ಹೆಸರೂ ಬಂತು, ಗಾಳಿಯ ಪಾಲು. ಯಂತ್ರ ನಾಲ್ಕು ಎಂದರೆ ಪರೀಕ್ಷಕ ಎರಡು ಎಂದು ಬರೆದ. ಐದು ಎಂದರೆ ಮೂರು ಎಂದು ಬರೆದ. ಮೊದಲ ವಾರ ಕಳೆಯುವ ಮುನ್ನ ಅಂಕಿಯನ್ನು ಎರಡೆರಡು ಸಲ ನೋಡಿದ. ಎರಡನೆಯ ತಿಂಗಳಿಗೆ ಕೈ ತಾನಾಗಿ ಕಳೆಯುತ್ತಿತ್ತು, ತಲೆಯನ್ನು ಕೇಳುತ್ತಲೂ ಇರಲಿಲ್ಲ. ಹಂಡೆಗೆ ಏನೂ ಆಗಲಿಲ್ಲ. ಆಗಬೇಕಾದ್ದೂ ಇರಲಿಲ್ಲ, ಯಾಕೆಂದರೆ ಲೆಕ್ಕ ಸರಿಯಾಗಿಯೇ ಇತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರಬ್ಬರೂ ಮಣಿಯೂ ಬಂದವು. ಪರೀಕ್ಷಕನಿಗೆ ಹಬ್ಬ. ತಾನೇ ಜಾಡಿ ಬಿಚ್ಚಿದ, ಒರೆಸಿದ, ಹೊಸ ರಬ್ಬರು ಕೂರಿಸಿದ, ಕೊಳವೆಯಲ್ಲಿ ನೀಲಿ ಮಣಿ ತುಂಬಿದ. ಹಾಡು ಗುನುಗುತ್ತ ಮೊದಲ ಮಾದರಿಯನ್ನು ಚುಚ್ಚಿದ. ಯಂತ್ರ ಐದು ಎಂದಿತು.

ಅವನು ಎರಡು ಕಳೆದ. ಮೂರು ಎಂದು ಬರೆದ.

ಹಂಡೆಯವನು ಕಿಟಕಿಗೆ ಬಂದ. ಜಾತಕ ತೆಗೆದುಕೊಂಡ. ಹೋದ.

ಸಾವಿರ ಲೀಟರಿನಲ್ಲಿ ಆ ಎರಡು ಪಾಲು ಎಷ್ಟಾಯಿತು ಎಂದು ನೀನೇ ಲೆಕ್ಕ ಹಾಕು ಎಂದರು ಗುರು. ಶಿಷ್ಯ ಬೆರಳು ಮಡಚಿ ನೋಡಿದ. ಇನ್ನೂರು ಮಿಲಿ. ಒಂದು ಲೋಟ.

ಸದ್ದು ಬಂದಾಗ ಪರೀಕ್ಷಕ ಮುಂದಿನ ಮಾದರಿಯನ್ನು ಹಿಡಿದುಕೊಂಡಿದ್ದ. ಎಲ್ಲರೂ ಹೊರಗೆ ಓಡಿದರು. ಅವನೊಬ್ಬ ಓಡಲಿಲ್ಲ. ಅವನ ಕಣ್ಣು ಕೊಳವೆಯ ಮೇಲೆ ಬಿದ್ದಿತ್ತು. ಮಣಿಗಳು ನೀಲಿಯಾಗಿದ್ದವು. ಒಂದು ಮಣಿಯೂ ಗುಲಾಬಿಯಾಗಿರಲಿಲ್ಲ. ಈ ದಿನ ಗಾಳಿ ತನ್ನ ಪಾಲು ಕೇಳಿಯೇ ಇರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಐದು ಎಂದು ಒತ್ತಿದ್ದ ಪಟ್ಟಿಯನ್ನು ಯಂತ್ರದಿಂದ ಹರಿದು ಕೋಟಿನ ಜೇಬಿಗೆ ಹಾಕಿಕೊಂಡ. ಯಾಕೆ ಹಾಕಿಕೊಂಡೆ ಎಂದು ಅವನಿಗೇ ಗೊತ್ತಿರಲಿಲ್ಲ.

ಹಂಡೆಯವನು ಎರಡು ದಿನ ಬದುಕಿದ್ದ. ಮಾತು ಬರಲಿಲ್ಲ.

ವಿಚಾರಣೆಯವರು ಬಂದರು. ದ್ರವಕ್ಕೆ ನೀರು ಎಲ್ಲಿಂದ ಬಂತು ಎಂದು ಹುಡುಕಿದರು. ಪರೀಕ್ಷಕನ ಲೆಕ್ಕದ ಪುಸ್ತಕ ತೆಗೆದರು, ಮೂರು ಎಂದಿತ್ತು. ಮೂರಕ್ಕೆ ಮೀರಿಲ್ಲ, ಅಲ್ಲಿ ತಪ್ಪಿಲ್ಲ. ಹಾಗಾದರೆ ನೀರು ಮನುಷ್ಯನ ಕೈಯಿಂದಲೇ ಬಂದಿರಬೇಕು. ಆ ದಿನ ಹೊರಗೆ ಹಿಂಗಾರು ಮಳೆ ಬೇರೆ ಸುರಿಯುತ್ತಿತ್ತು. ಸತ್ತವನು ಒದ್ದೆ ಕೈಗವಸಿನಲ್ಲಿ ಸೋಡಿಯಂ ಮುಟ್ಟಿದ್ದಾನೆ ಎಂದು ಬರೆದರು. ಸತ್ತವನು ಇಲ್ಲ ಎನ್ನಲಿಲ್ಲ.

ಹನ್ನೊಂದನೆಯ ದಿನ ಅವನ ಹೆಂಡತಿ ಬಂದಳು. ಅದೇ ಕಿಟಕಿಯ ಹತ್ತಿರ ನಿಂತಳು. ಅಳಲಿಲ್ಲ.

"ಅಣ್ಣಾ, ನೀವು ದಿನಾ ಅವರನ್ನ ನೋಡ್ತಿದ್ದೋರು. ಮನೇಲಿ ನೀರು ಕುಡಿದ ಮೇಲೂ ಎರಡೆರಡು ಸಲ ಕೈ ಒರೆಸಿಕೊಳ್ಳೋರು ಅವರು. ಈಗ ಓಣಿಯಲ್ಲೆಲ್ಲ ಅಂತಾರೆ, ದಡ್ಡ, ಒದ್ದೆ ಕೈಯಲ್ಲಿ ಮುಟ್ಟಿ ತಾನೂ ಸತ್ತ, ನಾಲ್ಕು ಜನರನ್ನೂ ಸಾಯಿಸ್ತಿದ್ದ ಅಂತ. ಮಗ ಬಂದು ಕೇಳ್ತಾನೆ, ಅಪ್ಪ ದಡ್ಡನಾ ಅಂತ. ಅವನಿಗೆ ಏನು ಹೇಳಲಿ? ನೀವೇ ಹೇಳಿ, ಆವತ್ತು ಅವರ ಕೈ ಒದ್ದೆ ಇತ್ತಾ?"

ಪರೀಕ್ಷಕನ ಹಿಂದೆ ಮೇಲಿನವರು ನಿಂತಿದ್ದರು. ಅವರು ಕೆಮ್ಮಿದರು. ಪರೀಕ್ಷಕನಿಗೂ ಮನೆಯಿತ್ತು, ಮಕ್ಕಳಿದ್ದರು. ಹೇಳಿದರೆ ಕೆಲಸ ಹೋಗುತ್ತದೆ, ಜೈಲೂ ಆಗಬಹುದು. ಹೇಳದಿದ್ದರೆ ಕೇಳುವವರು ಯಾರೂ ಇಲ್ಲ. ಯಂತ್ರಕ್ಕೆ ಐದು ಎಂದದ್ದು ನೆನಪಿಲ್ಲ, ಅದಾಗಲೇ ಎಷ್ಟೋ ಮಾದರಿ ತಿಂದು ಮುಗಿಸಿತ್ತು.

ಅವನು ಜೇಬಿಗೆ ಕೈ ಹಾಕಿದ. ಪಟ್ಟಿ ಅಲ್ಲಿಯೇ ಇತ್ತು.

"ಇಲ್ಲಮ್ಮ," ಎಂದ. "ಅವನ ಕೈ ಒಣಗಿತ್ತು. ಯಂತ್ರ ಐದು ಅಂದಿತ್ತು, ಮೂರು ಅಂತ ಬರೆದವನು ನಾನು."

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ಅವನು ಹೊರಗೆ ಬಂದು, ಅವಳ ಜೊತೆ ವಿಚಾರಣೆಯವರ ಕೋಣೆಗೆ ನಡೆದು, ಪಟ್ಟಿಯನ್ನು ಮೇಜಿನ ಮೇಲೆ ಇಟ್ಟ. ಅವರು ಕೈಗವಸಿನ ಸಾಲನ್ನು ಹೊಡೆದುಹಾಕಿ ಅವನ ಹೆಸರು ಬರೆದುಕೊಂಡರು.

ಗುರು ನಿಲ್ಲಿಸಿದರು. ಶಿಷ್ಯ ಮೇಜಿನ ಮೇಲೆ ಕೈ ತಟ್ಟಿದ.

"ಅಬ್ಬ, ಹೇಳಿಬಿಟ್ಟನಲ್ಲ ಸಾರ್! ಈಗ ಗೊತ್ತಾಯ್ತು. ಯಂತ್ರಕ್ಕೆ ತಪ್ಪು ಒಪ್ಪಿಕೊಳ್ಳೋಕೆ ಬರಲ್ಲ, ಅದಕ್ಕೇ ಪಕ್ಕದಲ್ಲಿ ಮನುಷ್ಯ ಬೇಕು. ಅಲ್ವಾ?"

ಗುರು ಜಾಡಿಯ ಮುಚ್ಚಳವನ್ನು ಬಿಗಿ ಮಾಡಿದರು.

"ಆ ಕೊನೆ ನಾನು ಕಟ್ಟಿದ್ದು ಕಣಯ್ಯ, ಅವಳು ಕೇಳಿದಾಗ ನಾನು, ಹೌದಮ್ಮ, ಕೈ ಒದ್ದೆ ಇತ್ತು ಅಂದೆ."